ಸರದಿ

ಹಲಗೂರಿನಾಚೆ, ಮುತ್ತತ್ತಿ ದಾರಿ ಇಳಿಯುವ ಮೊದಲು
ಎಡಕ್ಕೊಂದು ಕೊರಕಲು.
ಬ್ಯಾಟರಿ ಹಾಕಬೇಡ ಅಂದಿದ್ದ ಕರಿಹೈದಮಾವ
ತಾನೂ ಬೀಡಿ ಹಚ್ಚಲಿಲ್ಲ, ಬರಿದೆ ಕಚ್ಚಿಕೊಂಡಿದ್ದ.
ನನ್ನ ಬಾಯಲ್ಲಿ ಒಂದುಂಡೆ ಬೆಲ್ಲ,
ಕೆಮ್ಮಿಗೆ ಬೀಗ.

ಬಿದಿರು ಹೂಬಿಟ್ಟು ಸತ್ತ ವರ್ಷ ಅದು.
ಉದುರಿದ ಬಿದಿರಕ್ಕಿಗೆ ಎಲ್ಲೆಲ್ಲಿಯವೋ ಕಾಡುಕೋಳಿ
ನೆಂಟರ ಹಾಗೆ ಬಂದವು
ಹೊಳೆಮತ್ತಿ ಮರವೊಂದರಲ್ಲಿ ಉಳಿದೇಬಿಟ್ಟಿದ್ದವು.
ಮುಸ್ಸಂಜೆಗೇ ಬಂದು ಎಣಿಸಿ ಹೋಗಿದ್ದ ಮಾವ,
ಕಣ್ಣಲ್ಲಲ್ಲ, ರೆಕ್ಕೆ ಬಡಿದ ಸದ್ದಿನಲ್ಲಿ:
ಎಂಟು. ಎರಡು ಹುಂಜ, ಮಿಕ್ಕವು ಹ್ಯಾಟೆ.

ಕೊಂಬೆ ಮೇಲಿರೋದನ್ನ ಹೊಡೀಬಾರದು ಕಣ್ಲಾ,
ಅದು ಮನೆ ಒಳಗಿದ್ದಂಗೆ.
ನೆಲಕ್ಕೆ ಕಾಲಿಟ್ಟ ಮೇಲೆ
ಅದರ ಹಣೇಬರ, ನಮ್ಮ ಹೊಟ್ಟೇಬರ.
ಇಷ್ಟು ಹೇಳಿ, ತಾತನ ಕಾಲದ ಕೇಪಿನ ಕೋವಿಗೆ
ಹರಿದ ಅಂಗಿಯ ತೋಳು ತೊಡಿಸಿದ,
ನಳಿಗೆಯೊಳಕ್ಕೆ ಇಬ್ಬನಿ ಇಳಿಯದ ಹಾಗೆ.

ಕತ್ತಲು ಒಂದೇ ಸಲಕ್ಕೆ ಹೋಗುವುದಿಲ್ಲ.
ಮೊದಲು ನನ್ನ ಕಾಲ್ಬೆರಳು ಕಂಡವು. ಆಮೇಲೆ ಒಂದು ಕಲ್ಲು.
ಕಲ್ಲಂದುಕೊಂಡದ್ದು ಮಾವನ ಮಂಡಿ.
ಕೆಳಗೆಲ್ಲೋ ಬಂಡೆಗಳ ಮೇಲೆ ಕಾವೇರಿ
ರಾತ್ರಿಯೆಲ್ಲ ಒಗೆದದ್ದನ್ನೇ
ಇನ್ನೂ ಒಗೆಯುತ್ತಿದ್ದಳು.

ಆಗ ಮೇಲಿನಿಂದ ಕೂಗು:
ಕುಕ್, ಕಾಯಾ ಕಾಯಾ, ಕುಕ್.
ಊರ ಹುಂಜವಾದರೆ ಎಳೆದೆಳೆದು
ಕೂಗನ್ನು ತಲೆಬಾಗಿಲ ತನಕ ಹೊತ್ತು ತಂದು ಇಳಿಸುತ್ತದೆ.
ಇದು ಹಾಗಲ್ಲ. ಮಾತಿನ ನಡುವೆ
ಯಾರೋ ಬಂದರು ಎಂಬಂತೆ ಗಕ್ಕನೆ ನಿಲ್ಲುತ್ತದೆ.
ಆ ನಿಂತ ಜಾಗದಲ್ಲಿ
ನನ್ನ ಕೆಮ್ಮು ಕಾದು ಕೂತಿತ್ತು.

ಒಂದಿಳಿಯಿತು, ಧೊಪ್ಪನೆ.
ಇನ್ನೊಂದು. ಮತ್ತೆರಡು ಜೊತೆಗೆ.
ಮಾವನ ಬೆರಳು ನನ್ನ ತೊಡೆಯ ಮೇಲೆ ಎಣಿಸುತ್ತಿತ್ತು:
ಐದು, ಆರು.
ಹುಂಜದ ಕತ್ತಿನ ಗರಿಗರಿಗೂ
ಅರಗು ಒತ್ತಿದ ಹಾಗೆ ಹಳದಿ ಚುಕ್ಕಿ,
ಯಾರೂ ಇನ್ನೂ ಒಡೆಯದ ರಿಜಿಸ್ಟರ್ ಕಾಗದ.
ಏಳು.
ಎಂಟನೆಯದು ಇಳಿಯಲಿಲ್ಲ.

ಕತ್ತು ಕೊಂಕಿಸಿ ಕೆಳಗೆ ನೋಡುತ್ತ
ಆ ಹ್ಯಾಟೆ ಕೊಂಬೆಯಲ್ಲೇ ಅತ್ತಿತ್ತ ನಡೆಯಿತು.
ಅದರ ನೋಟದ ಜಾಡು ಹಿಡಿದು ಮಾವನೂ ನೋಡಿದ.
ಲಂಟಾನದ ಬುಡದಲ್ಲಿ, ನಮ್ಮಿಂದ ಹತ್ತು ಮಾರು,
ಎರಡು ಕಿವಿ.
ಕಾಡುಬೆಕ್ಕು. ಬೆನ್ನ ತುಂಬ ಇಬ್ಬನಿ.
ಈಗ ಎದ್ದು ಬಂದದ್ದಲ್ಲ, ರಾತ್ರಿಯಿಡೀ ಕೂತದ್ದು.

ಕೋವಿ ಮೇಲೇಳಲಿಲ್ಲ.
ಸೊಸೈಟಿ ಮುಂದೆ ಸೀಮೆಎಣ್ಣೆಗೆ
ನಸುಕಿಗೇ ಡಬ್ಬ ಇಟ್ಟು ಹೋದವರ ಡಬ್ಬವನ್ನು
ಕಾಲಲ್ಲಿ ಸರಿಸಿ ಮುಂದೆ ನಿಂತವನಲ್ಲ ನನ್ನ ಮಾವ.
ಕಿವಿಗೆ ಬಾಯಿಟ್ಟು ಅಂದ:
ನಮಗಿಂತ ಮೊದ್ಲು ಬಂದೈತೆ. ಅದ್ರ ಸರದಿ.

ಆಗಲೇ ಬೆಲ್ಲ ಕರಗಿ ಮುಗಿಯಿತು.
ಕೆಮ್ಮಿದೆ.
ಏಳಕ್ಕೆ ಏಳೂ ಒಮ್ಮೆಗೇ ಎದ್ದು
ಕಾಡೆಲ್ಲ ರೆಕ್ಕೆ.
ಬೆಕ್ಕು ಮೈ ಕೊಡವಿ ನಮ್ಮಿಬ್ಬರತ್ತ ಒಮ್ಮೆ ತಿರುಗಿತು.
ಅಷ್ಟು ತಾತ್ಸಾರದಿಂದ ನನ್ನನ್ನು
ಲೆಕ್ಕದ ಮೇಷ್ಟ್ರೂ ನೋಡಿದ್ದಿಲ್ಲ.

ಮನೆಯಲ್ಲಿ ಅವ್ವ ಖಾರ ಅರೆದಿಟ್ಟಿದ್ದಳು,
ಕೊಬ್ಬರಿ, ಗಸಗಸೆ, ಚಕ್ಕೆ ಒಂದು ಹೆಚ್ಚೇ.
ಬರಿಗೈ ನೋಡಿ ಏನೂ ಕೇಳದೆ
ಹಿತ್ತಿಲಿನ ಬದನೆಕಾಯಿ ಕಿತ್ತು ತಂದು ಹೆಚ್ಚಿದಳು.
ಮುದ್ದೆ ಮುರಿದು ಅದ್ದಿ ನುಂಗಿ
ಒಂದು ತೊಟ್ಟನ್ನು ಬಹಳ ಹೊತ್ತು ಚೀಪಿ ಅಂದ ಮಾವ:
ಹೊಂಬಾಳೆ, ಕಾಲು ಚೆನ್ನಾಗಿ ಬೆಂದೈತೆ.

ಮುಂದಿನ ವಾರ, ಉಣ್ಣಲೂ ನಿಲ್ಲದೆ,
ಹೊತ್ತು ಮುಳುಗುವಾಗಲೇ ಒಬ್ಬನೇ ಹೊರಟ.
ಬೆಳಿಗ್ಗೆ ಅಂಗಳದಲ್ಲಿ ಒಂದು ಹುಂಜ, ಕಾಲು ಕಟ್ಟಿದ್ದು,
ಅರಗಿನ ಚುಕ್ಕಿಗಳ ಮೇಲೆ ನೊಣ.
ಬೆಕ್ಕು? ಅಂದೆ.
ಈ ಸಲ ನಾನೇ ಮೊದ್ಲು, ಅಂದವನು
ನೀರಿಗೆಂದು ಬಗ್ಗಿದಾಗ ಕಂಡೆ:
ಬೆನ್ನ ಮೇಲೆ ಅಂಗಿ ಪೂರಾ
ಇಬ್ಬನಿ.