ಬಾಟ್ಲಿಯ ಎತ್ತರ

ಡಾಕ್ಟ್ರಮ್ಮ, ಆ ದಿನ ಬಾಟ್ಲಿ ಹಿಡಿದದ್ದು ನಾನು.
ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಬೀದರಿನಿಂದ ಶಿರ್ವಕ್ಕೆ ಬಂದಿಳಿದಾಗ
ನಿಮ್ಮ ಗಂಬೂಟಿನ ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ.
ಮೊದಲ ವಾರ ಯಾರೋ "ಪೆತ್ತ ತಿನ್ಪುಜಿ" ಎಂದಾಗ
ನನ್ನ ಮುಖ ನೋಡಿದಿರಿ.
ದನ ತಿನ್ನುವುದಿಲ್ಲವಂತೆ, ಎಂದೆ.
ಮದ್ದಿನ ಚೀಟಿಯ ಬೆನ್ನಿಗೆ ಬರೆದುಕೊಂಡಿರಿ:
ಪೆತ್ತ, ಕಂಜಿ, ಪೇರ್,
ಒಂಜಿ, ರಡ್ಡ್, ಮೂಜಿ.

ಬೆನೆಡಿಕ್ಟಾ ಬಾಯಿಯ ಹಟ್ಟಿಯಲ್ಲಿ
ಕರು ಹಾಕಿ ಎರಡು ದಿನವಾದ ಜೆರ್ಸಿ
ಕತ್ತು ಪಕ್ಕೆಗೆ ಮಡಚಿ ಮಲಗಿತ್ತು, ಕಿವಿ ತಣ್ಣಗೆ.
ಹಾಲುಜ್ವರ ಎಂದಿರಿ. ಸರಿಯೇ.
ಕ್ಯಾಲ್ಸಿಯಂ ಎಂದಿರಿ, ಅದೂ ಸರಿಯೇ.
ನರ ಒಂದೇ ಚುಚ್ಚಿಗೆ ಸಿಕ್ಕಿತು.
ಬಾಗಿಲಲ್ಲಿ ಜನ, ಬೇಗ ಬೇಗ ಎಂದರು ಯಾರೋ,
ನನ್ನ ತೋಳು ತಾನಾಗಿ ಮೇಲೆ ಹೋಯಿತು,
ತಲೆಗಿಂತ ಒಂದು ಮೊಳ.
ಅರ್ಧ ಬಾಟ್ಲಿಗೆ
ಅದರ ಎದೆ ನಿಂತಿತು.

ಆಮೇಲೆ ಪಂಪಿನ ಕಟ್ಟೆಯಲ್ಲಿ ಕೂತಿರಿ.
ಗಂಜಿ ಬೇಡ. ಊರಿಗೆ ಫೋನೂ ಬೇಡ.
ಮೂರನೇ ದಿನ ರಾಜೀನಾಮೆಗೆ ಬಿಳಿ ಹಾಳೆ ಕೇಳಿದಿರಿ.
ಹಾಳೆ ಮುಗಿದಿದೆ ಎಂದು ಸುಳ್ಳು ಹೇಳಿದೆ,
ನಿಮ್ಮ ಬೂಟು ತೊಳೆಯಲು ಕೂತೆ.
ತೊಳೆಯುತ್ತಾ ಹೇಳಿದೆ: ಈಗ ಜಿಲ್ಲೆಗೇ ದೊಡ್ಡವರಾದವರು
ಇದೇ ಕಟ್ಟೆಯಲ್ಲಿ ಅತ್ತಿದ್ದಾರೆ, ಎಮ್ಮೆಯೊಂದಕ್ಕೆ,
ಅವರ ಬೂಟೂ ನಾನೇ ತೊಳೆದದ್ದು.
ಮೂವತ್ತೊಂದು ವರ್ಷದ ಕೈ ನನ್ನದು,
ಅದಕ್ಕೇ ಗೊತ್ತಿರಬೇಕಿತ್ತು, ಡಾಕ್ಟ್ರಮ್ಮ,
ನಿಮ್ಮ ಕೈ ಸೂಜಿಯ ಮೇಲಿತ್ತು,
ಎತ್ತರ ನನ್ನದು.

ನೀವೇನೂ ಹೇಳಲಿಲ್ಲ.
ಬೂಟಿನ ಒಳಗೆ ನೀರು ನಿಂತಿದೆ, ಎಂದಿರಿ.

ಹನ್ನೊಂದನೇ ದಿನ ರಾತ್ರಿ ಬಂಟಕಲ್ಲಿನಿಂದ ಫೋನು.
ಕರು ಹಾಕಿದ ದನ, ತಣ್ಣಗಿನ ಕಿವಿ, ಅದೇ ಮಡಚಿದ ಕತ್ತು.
ಸ್ಕೂಟರಿನ ಹಿಂದೆ ಕೂತು ಏನಾದರೂ ಹೇಳಬೇಕೆಂದುಕೊಂಡೆ,
ಉಬ್ಬು ಬಂತು, ಮರೆತೆ.

ಟಾರ್ಚು ಆ ಮನೆಯ ಹುಡುಗನ ಕೈಯಲ್ಲಿ.
ಸ್ಟೆತಸ್ಕೋಪು ದನದ ಎಡ ಮೊಣಕೈ ಹಿಂದೆ, ನಿಮ್ಮ ಕಣ್ಣು ಮುಚ್ಚಿ.
ಬಾಟ್ಲಿಯನ್ನು ನನ್ನ ಎದೆ ಮಟ್ಟಕ್ಕೆ ಹಿಡಿದಿದ್ದೆ.
"ಸಂಜೀವಣ್ಣ, ಇನ್ನೂ ಕೆಳಗೆ."
ಇಳಿಸಿದೆ.
"ನಿಲ್ಲಿಸಿ."
ಪೈಪು ಚಿವುಟಿ ಹಿಡಿದೆ.

ಆಗ ಕೇಳಿತು, ತುಟಿಯಲ್ಲೇ ನೀವು ಎಣಿಸುತ್ತಿದ್ದದ್ದು:
ಒಂಜಿ, ರಡ್ಡ್, ಮೂಜಿ, ನಾಲ್...
ಎದೆಗೆ ಕಿವಿಗೊಟ್ಟು, ಬೀದರಿನ ನಾಲಗೆಯಲ್ಲಿ.
ಹುಡುಗ ನಕ್ಕ, ಟಾರ್ಚು ಅಲ್ಲಾಡಿತು.

ಮುಕ್ಕಾಲು ಗಂಟೆ ಹಿಡಿಯಿತು ಒಂದು ಬಾಟ್ಲಿಗೆ.
ನನ್ನ ಭುಜ ಬಿದ್ದುಹೋಗಿತ್ತು.
ದನ ದೊಡ್ಡದಾಗಿ ತೇಗಿತು,
ಬಾಲ ಎತ್ತಿ ಬೆಚ್ಚಗೆ ಸೆಗಣಿ ಹಾಕಿತು
ನೇರ ನಿಮ್ಮ ಬೂಟಿನ ಮೇಲೆ.

ನಾಳೆ ನೀವೇ ತೊಳೆದುಕೊಳ್ಳಿ.