ಆರನೇ ಅಂಕಿ

ಪ್ಲಾಸ್ಟರ್ ರೂಮಿನ ಮೂಲೆಯಲ್ಲಿ, ಬ್ಯಾಂಡೇಜಿನ ರಟ್ಟಿನ ಡಬ್ಬದ ಮೇಲೆ
ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದೇನೆ.
ರಾತ್ರಿ ಡ್ಯೂಟಿ ಮುಗಿದು ಎರಡು ಗಂಟೆಯಾಯಿತು.
ಹನ್ನೊಂದಕ್ಕೆ ಮುಚ್ಚುತ್ತದೆ ಆಯ್ಕೆಯ ಪಟ್ಟಿ.

ಹೆಸರು ಕೇಳಿತು, ಕೊಟ್ಟೆ.
ಪ್ರವರ್ಗ ಕೇಳಿತು, ಕೊಟ್ಟೆ.
ರ‍್ಯಾಂಕು ಮೂವತ್ತೊಂದು ಸಾವಿರದ ನಾನೂರ ಆರು,
ಅದನ್ನಂತೂ ಕೇಳದೆಯೇ ತುಂಬಿಕೊಂಡಿತ್ತು.
ಯಾಕೆ ಎಂದು ಕೇಳಲಿಲ್ಲ.
ಯಾಕೆ ಎಂಬುದಕ್ಕೆ ಅಲ್ಲಿ ಚೌಕವೇ ಇಲ್ಲ.

ಕೇಳುವವರು ಹೊರಗೆ ಬೇಕಾದಷ್ಟು.
"ಹೆಣ್ಮಕ್ಕಳಿಗೆ ಯಾಕಮ್ಮ ಆರ್ಥೋ? ಸುತ್ತಿಗೆ ಹಿಡಿಯೋ ಕೆಲಸ,"
ಅಂದಿದ್ದರು ದೊಡ್ಡ ಡಾಕ್ಟರು, ಕಾಫಿ ಆರಿಸುತ್ತ.
ಆ ಕಾಫಿ ಮುಗಿಯುವುದರೊಳಗೆ
ಸಕಲೇಶಪುರದ ಕಡೆಯಿಂದ ಒಬ್ಬನನ್ನು ತಂದರು,
ಸಿಲ್ವರ್ ಮರದಲ್ಲಿ ಮೆಣಸು ಕೊಯ್ಯುವಾಗ ಏಣಿ ಜಾರಿದವನು.
ಭುಜ ತಪ್ಪಿ, ತೋಳು ಬೇರೆ ಯಾರದೋ ಎಂಬಂತೆ ಜೋತಿತ್ತು.
ಅಂಗಿ ಕತ್ತರಿಸಿದರೆ ಜೇಬಿನಿಂದ
ಹಸಿ ಮೆಣಸು ಉರುಳಿ ನೆಲವೆಲ್ಲ.

ಜವರಯ್ಯ ಎದೆಗೆ ಬೆಡ್‌ಶೀಟು ಸುತ್ತಿ ಆಚೆ ಹಿಡಿದ,
ನಾನು ಮಣಿಕಟ್ಟು ಹಿಡಿದು ಈಚೆ.
ನನ್ನ ತೂಕ ನಲವತ್ತೇಳು ಕೇಜಿ;
ಆದರೂ ದಣಿಯುವ ಸರದಿ ಅವನ ಸ್ನಾಯುವಿನದು.
ಊರು ಯಾವುದಣ್ಣ, ಮಕ್ಕಳೆಷ್ಟು, ಯಾವ ಸ್ಕೂಲು...
ಎರಡನೆಯವಳ ಹೆಸರು ಹೇಳುತ್ತಿದ್ದ,
ಅರ್ಧದಲ್ಲಿ
ಗಳಕ್.

ಮೊದಲು ಕೇಳಿಸಿದ್ದು ನನ್ನ ಮೊಣಕೈಗೆ.
ಚೌಕವಿದ್ದಿದ್ದರೆ ಅಷ್ಟನ್ನೇ ಬರೆಯುತ್ತಿದ್ದೆ.
ಜವರಯ್ಯ ನೆಲದ ಮೆಣಸು ಒಂದೊಂದೇ ಆರಿಸಿ
ಅವನ ಪ್ಯಾಂಟಿನ ಜೇಬಿಗೆ ತುಂಬಿದ.

ಅಮ್ಮನಿಗೆ ನಾನು ಕಣ್ಣಿನ ಡಾಕ್ಟರಾಗಬೇಕು.
ಗಾರ್ಮೆಂಟ್ಸಿನ ಇಸ್ತ್ರಿ ಮೇಜಿನ ಮುಂದೆ
ಹದಿನೆಂಟು ವರ್ಷ ನಿಂತವಳು.
"ಕೂತು ಮಾಡೋ ಕೆಲಸ, ರಕ್ತ ಅಂದ್ರೆ ಒಂದು ತೊಟ್ಟು,
ರಾತ್ರಿ ಯಾರೂ ಎಬ್ಬಿಸಲ್ಲ.
ನಾನು ನಿಂತು ಮಂಡಿ ಕಳಕೊಂಡಿದ್ದು ಸಾಲದಾ?"

ನಿನ್ನ ಮಂಡಿಗೋಸ್ಕರವೇ ಅಮ್ಮ, ಅನ್ನಬಹುದಿತ್ತು.
ಕೇಳಲು ಚೆನ್ನಾಗಿರುತ್ತದೆ. ಸುಳ್ಳು.
ನನಗೆ ಇಷ್ಟ. ಡ್ರಿಲ್ಲಿನ ವಾಸನೆ ಸಹ ಇಷ್ಟ.
ಸುತ್ತಿದ ಪಟ್ಟಿ ಗಟ್ಟಿಯಾಗುವ ಮುಂಚೆ ಬಿಸಿಯಾಗುತ್ತದಲ್ಲ,
ಹೆದರಿದವರು ನನ್ನ ಮುಖ ನೋಡುವ ಆ ನಾಲ್ಕು ನಿಮಿಷ ಇಷ್ಟ.
ಸೊಂಟ ಮುರಿದು ಬಂದ ಕಟ್ಟಾಯದ ಅಜ್ಜಿಗೆ
ರಾಡು ಹಾಕಿದ ಮಾರನೇ ಬೆಳಗ್ಗೆ, ವಾಕರು ಮುಂದಿಟ್ಟು
"ಏಳಜ್ಜಿ, ಏಳು" ಅಂತ ಗದರಿದ್ದು ಇಷ್ಟ.
ನನ್ನ ಏಳು ತಲೆಮಾರನ್ನು ಬೈಯುತ್ತಲೇ ಎದ್ದಳು ಮಹಾತಾಯಿ.

ಹಾಸನ ಒಂದು. ಮೈಸೂರು ಎರಡು.
ಎಳೆದು ಎಳೆದು ಕೂರಿಸಿದೆ, ಬೀದರಿನವರೆಗೆ ಹದಿಮೂರು,
ಎಲ್ಲಾ ಮೂಳೆಯೇ.
ಹದಿನಾಲ್ಕರಲ್ಲಿ ಕಣ್ಣು ಹಾಕಿದೆ, ಅಳಿಸಿದೆ,
ಮತ್ತೆ ಹಾಕಿದೆ, ಮತ್ತೆ ಅಳಿಸಿದೆ.

ಲಾಕ್ ಒತ್ತಿದರೆ ಓಟಿಪಿ ಬೇಕು,
ಅದು ಹೋಗುವುದು ನಲವತ್ತೆಂಟರಲ್ಲಿ ಮುಗಿಯುವ ನಂಬರಿಗೆ.
ನಲವತ್ತೆಂಟು ಅಮ್ಮನದು;
ಅರ್ಜಿ ಹಾಕಿದ ದಿನ ನನ್ನ ಸಿಮ್ಮು ಕೆಟ್ಟಿತ್ತು.
ಅಮ್ಮನ ಫೋನು ಫ್ಯಾಕ್ಟರಿ ಗೇಟಿನ ಲಾಕರಿನಲ್ಲಿ,
ಹತ್ತೂವರೆಗೆ ಟೀ, ಹತ್ತೇ ನಿಮಿಷ.
ಕಾದೆ. ಜವರಯ್ಯ ಬೋಂಡ ತಂದಿಟ್ಟ,
ಬಕೆಟ್ಟಿನ ಸುಣ್ಣದಂಥ ನೀರು ಚೆಲ್ಲಿ ಹೊಸ ನೀರು ಹಿಡಿದ.

ಹತ್ತು ಮೂವತ್ತೆರಡಕ್ಕೆ ಎತ್ತಿದಳು.
"ಬಂತು, ಬರಕೋ. ಮೂರು. ಸೊನ್ನೆ.
ಒಂಬತ್ತು. ಇನ್ನೊಂದು ಒಂಬತ್ತು. ನಾಲ್ಕು."
ನಿಲ್ಲಿಸಿದಳು.
"ಇನ್ನೊಂದಿದೆಯಮ್ಮ."
"ಕಣ್ಣಿಗಾ ಇದು?"

ಅವಳ ಹಿಂದೆ ಯಾರೋ ನಗುತ್ತಿದ್ದರು, ಲೋಟಗಳ ಸದ್ದು,
ಸೂಪರ್‌ವೈಸರನ ಸೀಟಿ.
"ಮೂಳೆಗೆ."

ಪರದೆಯ ಮೇಲೆ ನಲವತ್ತು ಸೆಕೆಂಡು, ಮೂವತ್ತೊಂಬತ್ತು.
ಕಾಲು ಬದಲಿಸಿ ನಿಂತಳೇನೋ,
ಉಸಿರು ದೊಡ್ಡದಾಗಿ ಕೇಳಿಸಿತು.

"ಏಳು," ಅಂದಳು.