ಮಶಾಕನ ಲೈಟು

ಶಹಾಬಾದಿನ ಮಶಾಕ್ ತೆಗೆದ ಮದುವೆ ಕ್ಯಾಸೆಟ್ಟು
ಮೂವತ್ತು ವರ್ಷ ಟ್ರಂಕಿನ ತಳದಲ್ಲಿ ಬೂಷ್ಟು ಹಿಡಿದು
ಕಲಬುರಗಿಯ ಅಂಗಡಿಗೆ ಎಂಟುನೂರು ಕೊಟ್ಟ ಮೇಲೆ
ಹೆಬ್ಬೆರಳುದ್ದದ ಪೆನ್‌ಡ್ರೈವ್ ಆಗಿ ಮನೆಗೆ ಬಂತು.

ಟಿವಿ ಮುಂದೆ ಆಯಿಯನ್ನು ಕೂಡಿಸಿದೆವು,
ಬೆನ್ನಿಗೆ ದಿಂಬು ಕೊಟ್ಟು, ಚಷ್ಮಾ ಒರೆಸಿ.
ಗುಲಾಬಿ ಹೂವಿನೊಳಗಿಂದ ಅಪ್ಪ ಅರಳಿ ಬಂದ.
'ಯಾರ ಹುಡುಗ? ಮೀಸಿ ಚಂದ ಅದ.'
ಅಕ್ಕಿಕಾಳು ಬೀಳುವ ಹೊತ್ತಿಗೆ ಬರೀ ಪಟ್ಟೆ ಪಟ್ಟೆ.
ಅಷ್ಟನ್ನು ಬೂಷ್ಟು ತಿಂದಿದೆ.

ಆಮೇಲೆ ಸತ್ತವರೆಲ್ಲ ಸಾಲಾಗಿ ಕೂತು
ಹುಗ್ಗಿ ಉಣ್ಣುತ್ತಾರೆ.
ಮುತ್ಯಾ ಎರಡನೇ ಸಲ ತುಪ್ಪಕ್ಕೆ ಕೈ ಒಡ್ಡಿದ.
ಆಯಿಯ ಕಣ್ಣು ಅವನನ್ನು ದಾಟಿ ಗೋಡೆಯ ಬದಿಗೆ:
'ಅದು ನಮ್ಮ ಹಂಡಾ!
ಕೋಳಕೂರದವ್ರು ಒಯ್ದು ತಿರುಗಿ ಕೊಡ್ಲೇ ಇಲ್ಲ.'
ಹಂಡಾದ ಕಂಠಕ್ಕೆ ಬಿದ್ದ ತಗ್ಗು ನೆನಪಿದೆ,
ಕೆಡವಿದ ಸೊಸೆಯ ಹೆಸರೂ.

ಅಡುಗೆಯ ಡೇರೆ. ಹೊಗೆ.
ಮಶಾಕನ ಬಿಳಿ ಲೈಟು ಒಬ್ಬ ಹೆಂಗಸಿನ ಮೇಲೆ ಬಿದ್ದೊಡನೆ
ಹಿಟ್ಟಿನ ಕೈ ಮುಖಕ್ಕೆ ಅಡ್ಡ ಹಿಡಿದಳು.
ನಾಲ್ಕು ಸೆಕೆಂಡು. ಮೂರು ತಾಸಿನಲ್ಲಿ
ಅವಳ ಪಾಲು ಇಷ್ಟೇ.

'ಆಯಿ, ಅದು ನೀನು.'
'ನಾ ಯಾಕ ಅಲ್ಲಿ ಹೋಗ್ಲಿ?'
ಹಿಂದೆ ಸರಿಸಿ ನಿಲ್ಲಿಸಿದೆ. ನಿಂತ ಚಿತ್ರದಲ್ಲಿ
ಮುಖವೇ ಇಲ್ಲ, ತೆರೆದ ಅಂಗೈ,
ಗೆರೆಗೆರೆಯಲ್ಲೂ ಗೋಧಿ ಹಿಟ್ಟು.

ಬಹಳ ಹೊತ್ತು ನೋಡಿದಳು.
ಕರೆಂಟು ಒಮ್ಮೆ ಹೋಗಿ ಬಂತು.
'ಇಷ್ಟು ಮಂದಿ ಉಂಡು ಎದ್ರು.
ಆ ಹೆಣ್ಣಮಗಳು ಉಂಡಾಳೋ ಇಲ್ಲೋ
ಯಾರರೆ ಕೇಳ್ರಿ.'